ಬರ್ನುಲ್ಫನ ದೊಡ್ಡಿ

ಪಿಸ್ಕಾಟವೇ, ನ್ಯೂಜೆರ್ಸಿ
ಭಾನುವಾರ, 15 ಸೆಪ್ಟೆಂಬರ್ 2024

ಅಮ್ಮಿ,

ಇಲ್ಲಿ ನನ್ನ ಪತ್ರ ಓದಿ ಕೆಂಪು ಪೆನ್ನು ಆಡಿಸಲು ವಾರ್ಡನ್ ಸಾರಾ ಮಿಸ್ ಇಲ್ಲ. ಆದರೂ ಭಾನುವಾರ ಒಂಬತ್ತು ಗಂಟೆಯಾಯಿತೆಂದರೆ ಕೈ ತಾನಾಗಿ ಕಾಗದ ಹುಡುಕುತ್ತದೆ. ಮೈಸೂರಿನ ಹಾಸ್ಟೆಲಿನಲ್ಲಿ ಎಂಟು ವರ್ಷ ಮಾಡಿದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಇಂಗ್ಲಿಷಿನಲ್ಲಿ ಬರೆದರೆ ಮಿಸ್ ಸಾಲು ಸಾಲಾಗಿ ತಿದ್ದುತ್ತಿದ್ದರು, ಕನ್ನಡದಲ್ಲಿ ಬರೆದರೆ ಓದಲು ಬೇಸರಪಟ್ಟು ಹಾಗೇ ಲಕೋಟೆಗೆ ಹಾಕುತ್ತಿದ್ದರು. ಅದನ್ನು ಕಂಡುಹಿಡಿದವಳು ನೀನು. ಇಂಗ್ಲಿಷ್ ತಾಯಿಗೆ ಕನ್ನಡದಲ್ಲಿ ಕಾಗದ ಬರೆಯುತ್ತೇನೆ ಅಂದರೆ ನನ್ನ ರೂಮ್‌ಮೇಟ್ ನಂಬಲೇ ಇಲ್ಲ.

ಫೋನಿನಲ್ಲಿ ಆಗುವುದೆಲ್ಲ ಊಟದ ಮಾತು. ಅಬ್ಬಾ ಪಕ್ಕದಲ್ಲಿ ಕೂತು "ಸ್ವೆಟರ್ ಹಾಕ್ಕೊಂಡಿದ್ಯೇನಮ್ಮಾ?" ಅಂತ ಕೂಗುತ್ತಿರುತ್ತಾರೆ. ಉಳಿದದ್ದು ಕಾಗದಕ್ಕೆ.

ನನಗೆ ಭಯ ಇದೆ. ಬಸ್ ತಪ್ಪುವ ಭಯ, ಕ್ಲಾಸಿನಲ್ಲಿ ಕೈ ಎತ್ತುವ ಭಯ, ಕೈ ಎತ್ತದಿದ್ದರೆ ಮಾರ್ಕ್ಸ್ ಹೋಗುವ ಭಯ. ಈಗ ಹೊಸದೊಂದು ಸೇರಿದೆ. ನನ್ನ ಪಾಸ್‌ಪೋರ್ಟ್ ನಿನ್ನ ದೇಶದ್ದು ತಾನೇ? ಓರಿಯೆಂಟೇಶನ್ ದಿನ ಎಲ್ಲರ ಕೊರಳಿಗೂ ದೇಶದ ಹೆಸರಿನ ಕಾರ್ಡ್ ನೇತುಹಾಕಿದರು. ನನ್ನದು ಯುನೈಟೆಡ್ ಕಿಂಗ್‌ಡಮ್. ಸಿಕ್ಕವರೆಲ್ಲ "ಅಲ್ಲಿ ಎಲ್ಲಿ?" ಅಂತ ಕೇಳಿದರು. ನಾನು ಒಂದು ದಿನವೂ ಕಾಲಿಡದ ದೇಶ. ಕೊಳ್ಳೇಗಾಲ ಅನ್ನಲೇ? ನಿನ್ನ ಊರಿನ ಹೆಸರು ನನಗೆ ಬರೆಯಲು ಮಾತ್ರ ಬರುತ್ತದೆ, ನಿನ್ನ ಪಾಸ್‌ಪೋರ್ಟ್ ನೋಡಿ ಕಲಿತದ್ದು. ನಿನ್ನ ಬಾಯಲ್ಲಿ ಅದನ್ನು ಯಾವತ್ತೂ ಕೇಳಿಲ್ಲ. ಯಾರಾದರೂ ಕೇಳಿದರೆ "ಇಂಗ್ಲೆಂಡಿನ ಕಡೆ" ಅನ್ನುತ್ತಿದ್ದೆ, ಹನೂರಿನ ಕಡೆ ಅನ್ನುವ ಹಾಗೆ.

ಈಗ ವಿಷಯ ಕೇಳು. ನಿನ್ನೆ ನಾಝಿಯಾ ಫುಪ್ಪು ಮನೆಗೆ ಹೋಗಿದ್ದೆ, ಮನ್ರೋಗೆ. ಅಬ್ಬಾನ ಚಿಕ್ಕಪ್ಪನ ಮಗಳಾದರೂ ಸ್ವಂತ ಅತ್ತೆಯ ಹಾಗೆ ನೋಡಿಕೊಳ್ಳುತ್ತಾರೆ. ಅವರು ಹೊಸ ಮನೆಗೆ ಬಂದು ಮೂರು ತಿಂಗಳಾಯಿತು. ಕಾರು ಅವರ ಬೀದಿಗೆ ತಿರುಗಿದಾಗ ತಲೆ ಎತ್ತಿದೆ. ಹಸಿರು ಬೋರ್ಡು. ಬಾರ್ನಾಲ್ಡ್ಸ್‌ವಿಕ್ ಕೋರ್ಟ್. ಅಮ್ಮಿ, ನಿನ್ನ ಊರು! ಬಿಲ್ಡರ್ ಇಡೀ ಬಡಾವಣೆಗೆ ಇಂಗ್ಲೆಂಡಿನ ಊರುಗಳ ಹೆಸರು ಇಟ್ಟಿದ್ದಾನಂತೆ, ಕೊಳ್ಳುವವರಿಗೆ ದೊಡ್ಡಸ್ತಿಕೆ ಅನ್ನಿಸಲಿ ಅಂತ.

"ಫುಪ್ಪು, ಇದು ಅಮ್ಮಿ ಊರು!" ಅಂದೆ.

"ಈ ಬರ್ನಾಲ್ ಬೀದಿನಾ? ಅಯ್ಯೋ ನಿನ್ನ!"

ಹದಿನಾಲ್ಕು ಮನೆ, ಹನ್ನೊಂದು ನಮ್ಮ ದೇಶದವರದು. ಎಲ್ಲರ ಬಾಯಲ್ಲೂ ಅದು ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು. ಬೀದಿಯ ಅಸೋಸಿಯೇಶನ್ನಿನ ಅಧ್ಯಕ್ಷರು ಪ್ರಭಾಕರ ಅಂಕಲ್, ಟೆಲಿಫೋನ್ ಕಂಪನಿಯಿಂದ ರಿಟೈರ್ ಆದವರು. ಪ್ರತಿ ಫೋನಿನಲ್ಲೂ ಹನ್ನೆರಡು ಇಂಗ್ಲಿಷ್ ಅಕ್ಷರ ಬಿಡಿಸಿ ಹೇಳಿ ಅವರಿಗೆ ಸಾಕಾಗಿದೆ. ಲೋಟಸ್ ಕೋರ್ಟ್ ಅಂತ ಬದಲಾಯಿಸಲು ಟೌನ್‌ಶಿಪ್‌ಗೆ ಅರ್ಜಿ ಬರೆದಿದ್ದಾರೆ. ಒಂದು ಮನೆ ಒಪ್ಪದಿದ್ದರೂ ಕಳಿಸುವುದಿಲ್ಲ ಅಂತ ಅವರೇ ನಿಯಮ ಮಾಡಿಕೊಂಡಿದ್ದಾರೆ. ಹದಿಮೂರು ಸಹಿ ಆಗಿದೆ. ಉಳಿದದ್ದು ಫುಪ್ಪುವಿನದು. ಪೆನ್ನು ಹಿಡಿದಿದ್ದ ಫುಪ್ಪು ನನ್ನ ಮಾತು ಕೇಳಿ ಅದನ್ನು ಮುಚ್ಚಿಟ್ಟರು.

"ನಿಮ್ಮಮ್ಮಿ ಊರನ್ನ ನಾನ್ ಹ್ಯಾಗಮ್ಮಾ ಅಳಿಸ್ಲಿ? ನೀನು ಕೇಳು. ಬೇಡ ಅಂದ್ರೆ ಬೇಡ, ಪ್ರಭಾಕರ್ ಸಾಹೇಬ್ರು ಎಷ್ಟಾದ್ರೂ ಹಾರಾಡ್ಲಿ. ಅಕ್ಟೋಬರ್ ಹನ್ನೆರಡಕ್ಕೆ ಮೀಟಿಂಗು. ನೀನು ಹೇಳಿದ್ದೇ ಫೈನಲ್."

ನೋಡು, ಹೋಗಿ ಹೋಗಿ ನನ್ನ ತಲೆಗೆ! ಆದ್ದರಿಂದ ಹೇಳು: ಆ ಹೆಸರನ್ನು ಹೇಗೆ ಹೇಳುವುದು? ಅದರ ಅರ್ಥ ಏನು? ಫುಪ್ಪು ಸಹಿ ಹಾಕಲೋ, ಬೇಡವೋ?

ತೂಬಾ


ಕೊಳ್ಳೇಗಾಲ
ಶುಕ್ರವಾರ, 27 ಸೆಪ್ಟೆಂಬರ್ 2024

ತೂಬಾ,

ಪತ್ರ ಬಂತು. ಕೇಳಿದ್ದಕ್ಕೆ ಉತ್ತರ.

ಹೊರಗಿನವರು ಬರೆದ ಹಾಗೇ ಓದುತ್ತಾರೆ, ಬಾರ್ನಾಲ್ಡ್ಸ್‌ವಿಕ್. ಊರಿನವರು ಬಾರ್ಲಿಕ್ ಅನ್ನುತ್ತಾರೆ. ಬರ್ನುಲ್ಫ್ ಅಂತ ಹಳೆಯ ಕಾಲದವನೊಬ್ಬ ಇದ್ದ. ವಿಕ್ ಅಂದರೆ ದನ ಕಟ್ಟಿ ಹಾಲು ಕರೆಯುತ್ತಿದ್ದ ಜಾಗ. ನಮ್ಮ ಬೆಟ್ಟದ ಕಡೆಯವರು ದೊಡ್ಡಿ ಅನ್ನುತ್ತಾರಲ್ಲ, ಅದೇ. ಬರ್ನುಲ್ಫನ ದೊಡ್ಡಿ. ಅದಕ್ಕಿಂತ ಹೆಚ್ಚಿನದು ಏನೂ ಇಲ್ಲ.

ನಾಝಿಯಾ ಸಹಿ ಹಾಕಲಿ. ಬೀದಿ ಅಲ್ಲಿ ವಾಸ ಮಾಡುವವರದು.

ಅಬ್ಬಾನ ವರ್ಕ್‌ಶಾಪಿಗೆ ಹೊಸ ಓವನ್ ಬಂದಿದೆ. ಕೃತಕ ಕಾಲಿನ ಅಚ್ಚು ಈಗ ಅರ್ಧ ದಿನದಲ್ಲಿ ಮುಗಿಯುತ್ತದೆ, ಮಕ್ಕಳ ಹಾಗೆ ಎಲ್ಲರಿಗೂ ತೋರಿಸುತ್ತಿದ್ದಾರೆ. ಕಾಲು ಸೋತವರಿಗೆ ನಡಿಗೆ ಕಲಿಸಲು ನಾನು ಬೆಟ್ಟದ ಕ್ಯಾಂಪಿಗೆ ಹೋಗುತ್ತಿದ್ದೇನೆ, ಐದಾರು ವಾರ ಆಗಬಹುದು. ಅಲ್ಲಿ ಸಿಗ್ನಲ್ ಇಲ್ಲ. ನನ್ನ ಫೋನ್ ಬರದಿದ್ದರೆ ಹೆದರಬೇಡ, ಅಬ್ಬಾ ಮಾತಾಡುತ್ತಾರೆ. ಮಿಡ್‌ಟರ್ಮ್ ಚೆನ್ನಾಗಿ ಬರೆ.

ಅಮ್ಮಿ


ಪಿಸ್ಕಾಟವೇ
ಭಾನುವಾರ, 13 ಅಕ್ಟೋಬರ್ 2024

ಅಮ್ಮಿ,

ಕೆಲಸ ಆಯಿತು. ನಿನ್ನ ಮಗಳು ಮೂವತ್ತು ಜನರ ಎದುರು ನಿಂತು ಮಾತಾಡಿದಳು.

ಮೀಟಿಂಗ್ ಪ್ರಭಾಕರ ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ. ಒಂದು ಕಡೆ ಟ್ರೆಡ್‌ಮಿಲ್, ಅದರ ಮೇಲೆ ಒಣಹಾಕಿದ ಬಟ್ಟೆ. ಇನ್ನೊಂದು ಕಡೆ ಖಾರಾಬಾತ್, ಕೇಸರಿಬಾತ್. ಅಂಕಲ್ ಕೋಟು ಹಾಕಿಕೊಂಡಿದ್ದರು, ಅವರದೇ ಮನೆಯಲ್ಲಿ!

"ಮೊದಲು ನಮ್ಮ ಇಂಗ್ಲೆಂಡಿನ ಅತಿಥಿ ಎರಡು ಮಾತಾಡ್ತಾರೆ," ಅಂದರು. ಎಲ್ಲರೂ ಬಾಗಿಲ ಕಡೆ ನೋಡಿದರು, ಬಿಳಿಯರು ಯಾರಾದರೂ ಬರುತ್ತಾರೇನೋ ಅಂತ. ನಾನು ಎದ್ದೆ.

ಊರಿನವರು ಬಾರ್ಲಿಕ್ ಅನ್ನುತ್ತಾರೆ ಅಂದೆ. "ನೋಡಿದ್ರಾ, ಅವ್ರಿಗೇ ಪೂರ್ತಿ ಹೇಳಕ್ಕಾಗಲ್ಲ!" ಅಂತ ಅಂಕಲ್ ತೊಡೆ ತಟ್ಟಿಕೊಂಡರು. ಬರ್ನುಲ್ಫನ ದೊಡ್ಡಿ ಅಂದಾಗ ಎದುರು ಮನೆಯ ಹರಿ ಅಂಕಲ್ ಹೆಂಡತಿಯ ಕಡೆ ತಿರುಗಿ, "ಕೇಳಿದ್ಯೇನೇ? ಇಪ್ಪತ್ತು ವರ್ಷ ದುಡಿದು ನಾವು ಬಂದು ಸೇರಿರೋದು ದನದ ಕೊಟ್ಟಿಗೆಗೆ," ಅಂದರು. ಆಕೆ, "ನಿಮ್ಮನ್ನ ನೋಡಿದಾಗ್ಲೇ ನಂಗ್ ಗೊತ್ತಿತ್ತು," ಅಂದರು. ಅವರ ಮೊಮ್ಮಗಳು ಕಿಯಾರಾಗೆ ಮಾತ್ರ ಬೇಜಾರು. ಆ ಹೆಸರಿನ ಹನ್ನೆರಡು ಅಕ್ಷರದಲ್ಲಿ ಒಂದೂ ಎರಡನೇ ಸಲ ಬರುವುದಿಲ್ಲವಂತೆ, ಇಡೀ ಕ್ಲಾಸಿನಲ್ಲಿ ಅಂಥ ವಿಳಾಸ ಅವಳೊಬ್ಬಳದೇ ಅಂತೆ. ಅವಳ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ.

ಆಮೇಲೆ ನಾನು ಇನ್ನೂ ಒಂದು ಹೇಳಿದೆ. ಅಬ್ಬಾನನ್ನು ಮದುವೆಯಾದಳು ಅಂತ ನನ್ನ ತಾಯಿಯ ಜೊತೆ ಅವಳ ತಂದೆ ಇಪ್ಪತ್ತಮೂರು ವರ್ಷದಿಂದ ಮಾತು ಬಿಟ್ಟಿದ್ದಾರೆ. ಆ ಊರು ಅವಳನ್ನು ಬೇಡ ಅಂದಿದೆ. ಆ ಹೆಸರು ನಮಗೂ ಬೇಡ. ಇಷ್ಟು ಹೇಳಿ ಕೂತೆ.

ಫುಪ್ಪು ನನ್ನ ಮುಖ ನೋಡಿದರು. "ಖಂಡಿತಾನಾ?" ಅಂದರು. "ಖಂಡಿತ," ಅಂದೆ. ಸಹಿ ಹಾಕಿದರು.

ನೀನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ನಿನ್ನ ಕಾಗದ ಓದಲು ಬರುತ್ತದೆ. ಹಾಸ್ಟೆಲಿನಲ್ಲಿದ್ದಾಗಲೂ ಯಾವುದು ನಿನಗೆ ನೋವೋ ಅದಕ್ಕೇ ಅತಿ ಚಿಕ್ಕ ಉತ್ತರ. ಮತ್ತೆ ಕೇಳಬಾರದು ಅನ್ನುವುದು ನಮ್ಮ ರೂಢಿ. ನಾನು ಕೇಳಲಿಲ್ಲ, ನಿನ್ನ ಪರವಾಗಿ ನಿಂತೆ. ಅಷ್ಟೇ ಅಲ್ಲ, ಸೋಮವಾರ ಕ್ಲಾಸಿನಲ್ಲಿ ಕೈ ಎತ್ತುವವಳಿದ್ದೇನೆ. ಬೆಟ್ಟದಿಂದ ಇಳಿದ ಮೇಲೆ ಓದಿ ಖುಷಿಪಡು.

ತೂಬಾ


ಬಾರ್ಲಿಕ್
ಭಾನುವಾರ, 20 ಅಕ್ಟೋಬರ್ 2024

ನನ್ನ ತೂಬಾ,

ಮೇಲೆ ಬರೆದ ಊರನ್ನು ಇನ್ನೊಂದು ಸಲ ಓದು. ನಾನು ಬೆಟ್ಟದಲ್ಲಿಲ್ಲ. ಕ್ಯಾಂಪು ಸುಳ್ಳು. ನಿನಗೆ ಪರೀಕ್ಷೆ ಅಂತ ಅಬ್ಬಾ, ನಾನು ಸೇರಿ ಕಟ್ಟಿದ್ದು. ಅವರನ್ನು ಬೈಯಬೇಡ, ನನ್ನನ್ನು ಬೈದುಕೋ.

ನಿನ್ನ ಪತ್ರ ಬರುವ ಎರಡು ದಿನ ಮೊದಲು ಇಲ್ಲಿಂದ ಫೋನ್ ಬಂದಿತ್ತು. ನಮ್ಮ ಪಕ್ಕದ ಮನೆಯ ಹೆಂಗಸು. ಅಪ್ಪನಿಗೆ ಸ್ಟ್ರೋಕ್ ಆಗಿ ಮೂರು ವಾರ ದಾಟಿದೆ, ಬಲಗಾಲು ಬಿದ್ದಿದೆ, ದನಿ ಏಳುವುದಿಲ್ಲ ಅಂದಳು. ಹೋಗಲೋ ಬೇಡವೋ ಅಂತ ಬೇಯುತ್ತಿರುವಾಗ ನಿನ್ನ ಕಾಗದ. ಅದರ ತುಂಬ ಈ ಊರಿನ ಹೆಸರು. ಆ ಸಿಟ್ಟಿನಲ್ಲಿ ಸಹಿ ಹಾಕಲಿ ಅಂತ ಬರೆದೆ. ಅಷ್ಟರಲ್ಲಾಗಲೇ ಅಬ್ಬಾ ನನ್ನ ಪೆಟ್ಟಿಗೆ ತಾವೇ ಕಟ್ಟಿಟ್ಟು, "ಊರಿಗೆಲ್ಲ ನಡೆಯೋದು ಕಲಿಸ್ತೀಯ, ನಿಮ್ಮಪ್ಪಂಗೆ ಕಲಿಸಕ್ಕೆ ಏನ್ ದಾಡಿ?" ಅಂದಿದ್ದರು.

ಆಸ್ಪತ್ರೆಯಲ್ಲಿ ನರ್ಸು ಹೇಳಿದಳು, ಇವರು ಮಾತಾಡುವುದಿಲ್ಲ, ಸುಮ್ಮನೆ ಬಾಯಿ ಆಡಿಸುತ್ತಾರೆ ಅಂತ. ನಾನು ಮಂಚದ ಹತ್ತಿರ ಹೋಗಿ ನೋಡಿದೆ. ತೂಬಾ, ಅವನು ಮಾತಾಡುತ್ತಿದ್ದ! ಇಲ್ಲಿ ಹಿಂದೆ ಹತ್ತಿ ಬಟ್ಟೆಯ ಗಿರಣಿಗಳಿದ್ದವು. ಸಾವಿರ ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವರ ಕೂಗೂ ಕೇಳಿಸುವುದಿಲ್ಲ. ಅದಕ್ಕೆ ಗಿರಣಿಯವರು ದನಿ ಇಲ್ಲದೆ ತುಟಿಯನ್ನು ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು, ಆ ತುದಿಯಿಂದ ಈ ತುದಿಗೆ. ಅಪ್ಪ ಹದಿನೈದನೇ ವಯಸ್ಸಿಗೆ ಮಗ್ಗಕ್ಕೆ ಹೋದವನು. ನಮ್ಮ ಅಡುಗೆಮನೆಯಲ್ಲಿ ಅಪ್ಪ, ನನ್ನ ಅಜ್ಜಿ ನಮ್ಮ ಎದುರಿಗೇ ಹಾಗೆ ಗುಟ್ಟು ಮಾತಾಡುತ್ತಿದ್ದರು. ನಾನು ಕದ್ದು ಕಲಿತೆ. ಇಲ್ಲಿನ ಹೊಸ ಹುಡುಗಿಯರಿಗೆ ಅದು ಗೊತ್ತಿಲ್ಲ. ಐದು ವಾರದಿಂದ ಅವನು ನೀರು ಕೇಳುತ್ತಿದ್ದಾನೆ, ಕಿಟಕಿ ಮುಚ್ಚಿ ಅನ್ನುತ್ತಿದ್ದಾನೆ. ಯಾರೂ ಓದಿಲ್ಲ.

ಇಪ್ಪತ್ತಮೂರು ವರ್ಷದ ಮೇಲೆ ನನ್ನನ್ನು ನೋಡಿ ಏನಂದ ಗೊತ್ತಾ? "ದಪ್ಪ ಆಗಿದ್ದೀಯ."

"ನೀನು ಮುದುಕ ಆಗಿದ್ದೀಯ," ಅಂದೆ. ಸರಿಹೋಯಿತು. ಹಳೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತುವ ದಿನ ಬರುತ್ತದೆ, ಮೊದಲು ಕಾಲು ಏಳಲಿ.

ಮೂರನೇ ದಿನ ಮೊಮ್ಮಗಳು ಎಲ್ಲಿ ಅಂತ ಕೇಳಿದ. ನಾಝಿಯಾಳ ಬೀದಿಯ ಕಥೆ ಹೇಳಿದೆ. ನಂಬಲಿಲ್ಲ. ವಿಳಾಸ ಬರೆದುಕೊಡು ಅಂದ. ಈಗ ನೋಡಲು ಬಂದವರಿಗೆಲ್ಲ ಆ ಚೀಟಿ ತೋರಿಸುತ್ತಾನೆ. ಡಾಕ್ಟರಿಗೆ, ಕಸ ಗುಡಿಸುವವನಿಗೆ. ನಮ್ಮ ಊರಿಗೆ ಅಮೆರಿಕದಲ್ಲಿ ಒಂದು ಬೀದಿ ಇದೆ, ನನ್ನ ಹುಡುಗಿ ಅಲ್ಲಿಗೆ ಹೋಗಿ ಬರುತ್ತಾಳೆ ಅಂತ ತುಟಿ ಆಡಿಸುತ್ತಾನೆ, ನಾನು ಪಕ್ಕದಲ್ಲಿ ನಿಂತು ಜೋರಾಗಿ ಹೇಳಬೇಕು. ಅವನು ಹೇಳುವುದು ಬಾರ್ಲಿಕ್ ಅಲ್ಲ, ಪೂರ್ತಿ ಹೆಸರು. ಸೋತ ಬಲಗಡೆಯ ತುಟಿಗೆ ಅದು ದೊಡ್ಡ ವ್ಯಾಯಾಮ.

ಮೀಟಿಂಗಿನ ದಿನ ದಾಟಿತು, ಗೊತ್ತು. ಆದರೂ ಸಹಿ ಆಗಿರದಿದ್ದರೆ ಹಾಕಿಸಬೇಡ ತೂಬಾ. ಬೋರ್ಡಿನ ಕೆಳಗೆ ನಿಂತು ಒಂದು ಫೋಟೊ ತೆಗೆಸಿ ಕಳಿಸು. ಮುದುಕ ಕಾಯುತ್ತಿದ್ದಾನೆ.

ಅಮ್ಮಿ


ಪಿಸ್ಕಾಟವೇ
ಭಾನುವಾರ, 3 ನವೆಂಬರ್ 2024

ಅಮ್ಮಿ,

ಮೊದಲು ಬೈಗುಳ. ಕ್ಯಾಂಪಂತೆ, ಸಿಗ್ನಲ್ ಇಲ್ಲವಂತೆ! ಪ್ರತಿ ಭಾನುವಾರ ಅಬ್ಬಾ "ಅಮ್ಮಿ ಬೆಟ್ಟದ ಮೇಲೆ ಚೆನ್ನಾಗಿದ್ದಾಳೆ" ಅನ್ನುವಾಗ ನಾನು ತಲೆ ಆಡಿಸಿದೆನಲ್ಲ. ಬೈದು ಮುಗಿಯಿತು.

ಈಗ ನನ್ನ ಸರದಿ. ಅಕ್ಟೋಬರ್ ಹದಿಮೂರರ ನನ್ನ ಪತ್ರ ಕೊಳ್ಳೇಗಾಲಕ್ಕೆ ಹೋಗಿದೆ, ನೀನು ಓದಿಲ್ಲ. ನಾನೇ ಹೇಳಿಬಿಡುತ್ತೇನೆ. ಫುಪ್ಪು ಸಹಿ ಹಾಕಿಬಿಟ್ಟರು. ನಾನು ಹಾಕಿಸಿದೆ. ನಿನ್ನ ಅಪ್ಪ ನಿನ್ನನ್ನು ಬಿಟ್ಟ ಕಥೆಯನ್ನು ಮೂವತ್ತು ಜನರ ಎದುರು ಹೇಳಿದೆ, ಒಬ್ಬರ ಮುಖವನ್ನೂ ನಾನು ನೋಡಿರದ ಊರೊಂದರ ಮೇಲೆ ತೀರ್ಪು ಕೊಟ್ಟೆ. ನಿನ್ನ ಚಿಕ್ಕ ಉತ್ತರವನ್ನು ನಾನು ಹಾಸ್ಟೆಲಿನ ಹುಡುಗಿಯ ಹಾಗೆ ಓದಿದೆ.

ನಿನ್ನ ಕಾಗದ ಬುಧವಾರ ಬಂತು. ಅರ್ಜಿ ಟೌನ್‌ಶಿಪ್‌ಗೆ ಹೋಗಬೇಕಿದ್ದದ್ದು ಸೋಮವಾರ, ಅಂದರೆ ನಾಳೆ. ಫುಪ್ಪು, "ನನ್ ಸಹಿ ವಾಪಸ್ ಅಂತೀನಿ, ಮುಗೀತು. ನೀನ್ಯಾಕೆ ಅಳ್ತೀಯ?" ಅಂದರು. ನನಗೆ ಅದು ಸರಿ ಕಾಣಲಿಲ್ಲ. ಮಾತಾಡಿದವಳು ನಾನು. ಶನಿವಾರ ಬೆಳಿಗ್ಗೆಯಿಂದ ಹದಿಮೂರು ಮನೆಯ ಬೆಲ್ ಒತ್ತಿದೆ. ಪ್ರತಿ ಮನೆಯಲ್ಲೂ ಒಂದೇ ಮಾತು: ಆವತ್ತು ನಾನು ಹೇಳಿದ್ದು ತಪ್ಪು, ನನಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಹಾಗೆ ಹೇಳಿದೆ. ಆಮೇಲೆ ಮಗ್ಗದ ಕಥೆ, ತುಟಿಯ ಕಥೆ, ಚೀಟಿಯ ಕಥೆ. ಐದನೇ ಮನೆಯ ಹೊತ್ತಿಗೆ ಹೆದರಿಕೆ ಹೋಗಿತ್ತು. ಒಂಬತ್ತನೇ ಮನೆಯಲ್ಲಿ ನಾನೇ ಟೀ ಕೇಳಿದೆ.

ಕೊನೆಗೆ ಪ್ರಭಾಕರ ಅಂಕಲ್.

"ಮೂರು ವಾರದ ಹಿಂದೆ ಬೇಡ ಅಂದೋಳೂ ನೀನೇ, ಈಗ ಬೇಕು ಅನ್ನೋಳೂ ನೀನೇ. ಏನಮ್ಮಾ ಇದು, ಆಟಾನಾ?"

"ಇಲ್ಲ ಅಂಕಲ್. ಆವತ್ತು ನಂಗೆ ಊರು ಗೊತ್ತಿರ್ಲಿಲ್ಲ."

"ಈಗ ಗೊತ್ತಾ?"

"ಒಬ್ರು ಗೊತ್ತು."

ಅಂಕಲ್ ಒಳಗೆ ಕರೆದು ಕೂರಿಸಿದರು. ಆಮೇಲೆ ಅವರು ಹೇಳಿದ್ದು ನನಗೆ ಇನ್ನೂ ಚುಚ್ಚುತ್ತಿದೆ. ಕಳೆದ ಬೇಸಿಗೆಯಲ್ಲಿ ಅವರ ಹೆಂಡತಿ ಮೆಟ್ಟಿಲಿಂದ ಬಿದ್ದಾಗ ಆಂಬುಲೆನ್ಸ್‌ಗೆ ಫೋನ್ ಮಾಡಿ, ಗಾಬರಿಯಲ್ಲಿ ಆ ಹನ್ನೆರಡು ಅಕ್ಷರ ಬಿಡಿಸಿ ಹೇಳಲು ಅವರಿಗೆ ಆಗಲೇ ಇಲ್ಲವಂತೆ. ಹರಿ ಅಂಕಲ್ ಓಡಿ ಬಂದು ಹೇಳಿದರಂತೆ. ಆಂಟಿ ಈಗ ಚೆನ್ನಾಗಿದ್ದಾರೆ, ಆದರೆ ಆ ಬೋರ್ಡು ನೋಡಿದಾಗೆಲ್ಲ ಅಂಕಲ್‌ಗೆ ಆ ಫೋನೇ ನೆನಪಾಗುತ್ತದಂತೆ. ಈ ಮಾತನ್ನು ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಟೆಲಿಫೋನ್ ಕಂಪ್ನೀಲಿ ಮೂವತ್ತು ವರ್ಷ ಇದ್ದೋನು, ಫೋನಲ್ಲಿ ಮಾತಾಡಕ್ಕಾಗ್ಲಿಲ್ಲ ಅಂತ ಹ್ಯಾಗಮ್ಮಾ ಹೇಳ್ಲಿ?" ಅಂದರು.

ಫೈಲನ್ನು ಡಿಸೆಂಬರ್ ಮೀಟಿಂಗಿನವರೆಗೆ ತಾವೇ ಇಟ್ಟುಕೊಳ್ಳುತ್ತಾರಂತೆ. "ನಿಮ್ ತಾತನ್ನ ಕೇಳು. ಬೇಡ ಅಂದ್ರೆ ನಾನೇ ಹರಿದು ಹಾಕ್ತೀನಿ," ಅಂದರು.

ಫೋಟೊ ಇದರ ಜೊತೆ ಇದೆ. ನಾನೊಬ್ಬಳೇ ನಿಲ್ಲುವವಳಿದ್ದೆ, ಬೀದಿಯೇ ಬಂದು ನಿಂತಿತು. ಕೋಟು ಹಾಕಿರುವವರು ಪ್ರಭಾಕರ ಅಂಕಲ್. ಅಂಕಲ್ ಹೇಳಿದ್ದನ್ನೂ ಒಂದಕ್ಷರ ಬಿಡದೆ ನಿನ್ನ ಅಪ್ಪನಿಗೆ ಓದಿಹೇಳು. ನಾನು ಆವತ್ತು ಹೇಳಿದ್ದನ್ನೂ. ಈ ಸಲ ಯಾವುದನ್ನೂ ಬಿಡಬೇಡ.

ತೂಬಾ


ಬಾರ್ಲಿಕ್
ಗುರುವಾರ, 14 ನವೆಂಬರ್ 2024

ತೂಬಾ,

ಎಲ್ಲ ಓದಿದೆ. ಬಿಡಲಿಲ್ಲ. ನೀನು ಮೀಟಿಂಗಿನಲ್ಲಿ ಹೇಳಿದ ಮಾತು ಬಂದಾಗ ಕಾಗದ ಮಡಿಸಲು ಹೋದೆ. ಅಪ್ಪ ಮುಂದೆ ಓದು ಅಂತ ಕೈ ತೋರಿಸಿದ.

ನಾವು ಈಗ ಮನೆಗೆ ಬಂದಿದ್ದೇವೆ. ಮಂಚದಿಂದ ಕುರ್ಚಿಗೆ ಹನ್ನೊಂದು ಹೆಜ್ಜೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೂರನೇ ಸಲ ಅಂದರೆ ನನ್ನನ್ನು ಗಿರಣಿಯ ಮೇಸ್ತ್ರಿ ಅನ್ನುತ್ತಾನೆ.

ಫೋಟೊವನ್ನು ಮಡಿಲ ಮೇಲೆ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತಿದ್ದ. ಆಮೇಲೆ ಬರೆದುಕೋ ಅಂದ. ತುಟಿಯಲ್ಲಿ ಓದಿದ್ದನ್ನು ಹಾಗೇ ಬರೆಯುತ್ತಿದ್ದೇನೆ:

"ಹುಡುಗಿಗೆ ಹೇಳು. ಕೋಟಿನವನ ಮಾತು ಸರಿ. ಹೆಸರು ಇರುವುದು ಕರೆದವರಿಗೆ ಸಹಾಯ ಬರಲಿ ಅಂತ. ನಾನು ಐದು ವಾರ ಕರೆದೆ, ಯಾರಿಗೂ ತಿಳಿಯಲಿಲ್ಲ. ಅದು ಏನು ಅಂತ ನನಗೆ ಗೊತ್ತು. ಬದಲಾಯಿಸಿಕೊಳ್ಳಲಿ. ನಮ್ಮ ಊರು ಇಲ್ಲೇ ಇದೆ, ಎಲ್ಲಿಗೂ ಹೋಗುವುದಿಲ್ಲ. ಅವಳು ಮೀಟಿಂಗಿನಲ್ಲಿ ಮೊದಲ ಸಲ ಹೇಳಿದ್ದೂ ಸುಳ್ಳಲ್ಲ. ಬೇಡ ಅಂದವನು ನಾನು, ಊರಲ್ಲ. ಬೈಯುವುದಿದ್ದರೆ ಬಂದು ನನ್ನೆದುರಿಗೆ ಬೈಯಲಿ."

ಇಷ್ಟು ಹೇಳಿ ಸುಸ್ತಾಗಿ ಮಲಗಿದ. ಇಪ್ಪತ್ತಮೂರು ವರ್ಷದಲ್ಲಿ ನನಗೆ ಹೇಳದ್ದನ್ನು ನಿನಗೆ ಹೇಳಿದ. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ತಿರುಗಿಸಿ ನಿಂತೆ.

ಅಮ್ಮಿ


ಪಿಸ್ಕಾಟವೇ
ಭಾನುವಾರ, 24 ನವೆಂಬರ್ 2024

ಅಮ್ಮಿ,

ನಿನ್ನ ಅಪ್ಪ, ಅಂದರೆ ನನ್ನ ನಾನಾ, ಹೇಳಿದ್ದನ್ನು ಪ್ರಭಾಕರ ಅಂಕಲ್‌ಗೆ ಓದಿ ತೋರಿಸಿದೆ. ಇನ್ನೊಂದು ಸಲ ಓದು ಅಂದರು. ಎರಡನೇ ಸಲ ಓದಿದ ಮೇಲೆ ಆಂಟಿಯನ್ನು ಕರೆದು ಅವರಿಗೂ ಓದಿಸಿದರು. ಅರ್ಜಿ ಮೊನ್ನೆ ಹೋಯಿತು. ಮಾರ್ಚಿನ ಹೊತ್ತಿಗೆ ಲೋಟಸ್ ಕೋರ್ಟ್ ಆಗಬಹುದು. ಕಿಯಾರಾ ಮುನಿಸಿಕೊಂಡಿದ್ದಾಳೆ. ಅವಳ ಹತ್ತಿರ ಹೋಗಿ ಕೂತು, ಮೀಟಿಂಗಿನಲ್ಲಿ ನಿನ್ನ ಮಾತು ಕೇಳಬೇಕಿತ್ತು ಅಂದೆ. "ಇಟ್ಸ್ ಓಕೆ," ಅಂದಳು, ಆದರೆ ಓಕೆ ಆಗಿರಲಿಲ್ಲ.

ಪರೀಕ್ಷೆ ಡಿಸೆಂಬರ್ ಇಪ್ಪತ್ತಕ್ಕೆ ಮುಗಿಯುತ್ತದೆ. ಆವತ್ತೇ ಸಂಜೆ ನ್ಯೂವರ್ಕ್ ವಿಮಾನ ನಿಲ್ದಾಣದಿಂದ ಹೊರಡುತ್ತೇನೆ. ಇಪ್ಪತ್ತೊಂದರ ಬೆಳಿಗ್ಗೆ ಮ್ಯಾಂಚೆಸ್ಟರ್, ಅಲ್ಲಿಂದ ರೈಲು, ಆಮೇಲೆ ಬಸ್ಸು. ಕರೆದುಕೊಂಡು ಹೋಗಲು ಬರಬೇಡ. ಡ್ರೈವರಿಗೆ ಎಲ್ಲಿಗೆ ಅಂತ ನಾನೇ ಹೇಳುತ್ತೇನೆ.

ಬೈಯಬೇಕಾದದ್ದು ಬಹಳ ಇದೆ ಅಂತ ನಾನಾಗೆ ಹೇಳು. ನಿನ್ನ ಮದುವೆಯಿಂದ ಶುರುಮಾಡಿ ವರ್ಷದ ಪ್ರಕಾರ ಬೈಯುತ್ತೇನೆ. ಬೈಯುವಾಗ ಅವರ ತುಟಿ ನೋಡುತ್ತಿರುತ್ತೇನೆ, ಎದುರು ಮಾತಾಡಿದರೆ ತಿಳಿಯಬೇಕಲ್ಲ. ಅಷ್ಟರೊಳಗೆ ಓದುವುದು ಹೇಗೆ ಅಂತ ಫೋನಿನಲ್ಲಿ ದಿನಾ ಹತ್ತು ನಿಮಿಷ ಹೇಳಿಕೊಡು. ವಿಡಿಯೊ ಹಾಕು, ದನಿ ತೆಗೆದುಬಿಡು.

ಇನ್ನೊಂದು. ನಾನು ಬೆಲ್ ಒತ್ತಿದಾಗ ನೀನು ಎದ್ದು ಬಂದುಬಿಡಬೇಡ. ಬಾಗಿಲನ್ನು ಅವರೇ ತೆಗೆಯಲಿ. ಕುರ್ಚಿಯಿಂದ ಎಷ್ಟು ಹೆಜ್ಜೆಯಾಗುತ್ತದೋ ಆಗಲಿ, ಎಷ್ಟು ಹೊತ್ತಾದರೂ ಆಗಲಿ. ನಾನು ಹೊರಗೆ ನಿಂತಿರುತ್ತೇನೆ.

ತೂಬಾ